ಮಂತ್ರಿಯ ಎಣ್ಣೆಸ್ನಾನ

ಬಾಪೂಜಿ ನಗರದ ಆ ಬೀದಿಯಲ್ಲಿ ಹುಟ್ಟಿ, ಅಂಜನಮ್ಮನ ಕೈಯಲ್ಲಿ ಹರಳೆಣ್ಣೆ ತಿಕ್ಕಿಸಿಕೊಳ್ಳದೆ ಬೆಳೆದ ಕೂಸು ಒಂದೂ ಇರಲಿಲ್ಲ. ಆಸ್ಪತ್ರೆಯಿಂದ ಬಾಣಂತಿ ಮನೆಗೆ ಬಂದ ಮಾರನೆಯ ದಿನವೇ ಅವಳಿಗೆ ಕರೆ ಹೋಗುತ್ತಿತ್ತು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಮೂಗು ನೀವಿ, ತಲೆ ಗುಂಡಗೆ ಮಾಡಿ, ಅದು ಕಿರುಚಿದಷ್ಟೂ ‘ಕೂಗು, ಕೂಗು, ಎದೆ ಗಟ್ಟಿಯಾಗತ್ತೆ’ ಎಂದು ಹುರಿದುಂಬಿಸುತ್ತಿದ್ದಳು. ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಅವಳಿಗೆ ಬೇಕಿದ್ದದ್ದು ಮರ್ಯಾದೆ, ಅದು ಧಾರಾಳವಾಗಿ ಸಿಗುತ್ತಿತ್ತು.

ಕಾಲು ನೋವೇ, ನಿದ್ದೆ ಬರದಿರುವುದೇ, ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗುವುದೇ, ಎಲ್ಲಕ್ಕೂ ಅವಳ ಲೆಕ್ಕದಲ್ಲಿ ಮೂಲ ಒಂದೇ, ಮೈಯ ಉಷ್ಣ. ಮದ್ದೂ ಒಂದೇ. ಗುಡಿಯ ಪಟಾಲಮ್ಮನಿಗೆ ಸಿಟ್ಟು ಬಂದಿದೆ ಎಂದು ಯಾರಾದರೂ ಹೇಳಿದ್ದರೆ ಆ ದೇವಿಯ ನೆತ್ತಿಗೂ ಒಂದು ಅಂಗೈ ಎಣ್ಣೆ ತಟ್ಟಿ ಬರುತ್ತಿದ್ದ ಹೆಂಗಸು ಅವಳು.

ಇಂಥ ಮನೆಗೆ ಗಂಡ ಚಿಕ್ಕಹನುಮಯ್ಯ ಒಂದು ಸಂಜೆ ಮಿಲ್ಲಿನಿಂದ ಬರುವಾಗ ಊಟದ ಬ್ಯಾಗಿನಲ್ಲಿ ಒಂದು ನಾಯಿಮರಿ ಹಾಕಿಕೊಂಡು ಬಂದ. ಅದು ಹೊಸಿಲು ದಾಟಿದರೆ ತಾನು ತವರಿಗೆ ಹೊರಟೆ ಎಂದು ಅಂಜನಮ್ಮ ಗುಡುಗಿದಳು. ಮರುದಿನ ನೋಡಿದರೆ ಮರಿ ಅವಳ ಸೆರಗಿನ ಮೇಲೇ ಮಲಗಿತ್ತು. ತಿನ್ನುವುದು, ಮಲಗುವುದು, ಮನೆಗೆ ಬಂದವರ ಮೇಲೆ ಕೂಗಾಡುವುದು, ಇಷ್ಟು ಬಿಟ್ಟು ಬೇರೆ ಕಸುಬಿಲ್ಲದ್ದರಿಂದ ಅದಕ್ಕೆ ಮಂತ್ರಿ ಎಂದು ಹೆಸರಿಟ್ಟರು. ಅಂಜನಮ್ಮನಿಗೆ ಮಕ್ಕಳಿರಲಿಲ್ಲ. ಬೀದಿಯ ಕೂಸುಗಳನ್ನೆಲ್ಲ ಮೀಯಿಸಿ ಅವರವರ ತಾಯಂದಿರಿಗೆ ಕೊಟ್ಟು ಬರಬೇಕಾಗಿತ್ತು. ಇದೊಂದನ್ನು ಯಾರಿಗೂ ವಾಪಸ್ಸು ಕೊಡಬೇಕಾಗಿರಲಿಲ್ಲ.

ಶನಿವಾರ ಬಂತು. ಮಂತ್ರಿಗೆ ಮೂತಿಯಿಂದ ಬಾಲದವರೆಗೆ ಹರಳೆಣ್ಣೆ ತಿಕ್ಕಿ, ‘ಎಣ್ಣೆ ಇಳೀಲಿ’ ಎಂದು ಬಿಸಿಲಿಗೆ ಕಟ್ಟಿದಳು. ಅದು ಕೂತಲ್ಲೇ ಮೈಯೆಲ್ಲ ನೆಕ್ಕಿಕೊಂಡಿತು. ಎಷ್ಟು ಶುಚಿ ನೋಡಿ ಎಂದು ಅಂಜನಮ್ಮ ಬೀಗಿದಳು. ಆಮೇಲೆ ಸೀಗೆಪುಡಿಯ ಸ್ನಾನವಾಯಿತು. ರಾತ್ರಿ ಕಳೆಯುವಷ್ಟರಲ್ಲಿ ಭೇದಿ ಶುರುವಾಯಿತು.

‘ನೋಡಿದ್ರಾ, ಮೈಯಲ್ಲಿ ಎಷ್ಟು ಉಷ್ಣ ಇತ್ತು ಅಂತ. ಎಣ್ಣೆ ಬಿದ್ದಿದ್ದೇ ಎಲ್ಲಾ ಕಿತ್ಕೊಂಡು ಆಚೆ ಬಂತು.’

ಉಳಿದ ಉಷ್ಣಕ್ಕೆಂದು ಮಂಗಳವಾರವೂ ಎಣ್ಣೆ ಬಿತ್ತು. ಭೇದಿ ಹೆಚ್ಚಿತು. ಭೇದಿ ಹೆಚ್ಚಿದ್ದಕ್ಕೆ ಎಣ್ಣೆಯೂ ಹೆಚ್ಚಿತು.

‘ಲೇ, ಅದು ನಾಯಿ ಕಣೇ, ಬಾಣಂತಿ ಅಲ್ಲ,’ ಎಂದ ಚಿಕ್ಕಹನುಮಯ್ಯ.

‘ನಿಮಗೇನ್ರಿ ಗೊತ್ತು? ಸುಮ್ನೆ ಕೂತ್ಕೊಳ್ಳಿ.’

ಅವನು ಕೂತ. ಮದುವೆಯಾದಾಗಿನಿಂದ ಅವನು ತಪ್ಪದೆ ಮಾಡಿಕೊಂಡು ಬಂದ ಕೆಲಸ ಅದೇ.

ಒಂದು ಬೆಳಿಗ್ಗೆ ಮಂತ್ರಿ ಮೇಲೇಳಲಿಲ್ಲ. ಕಣ್ಣು ಒಳಗೆ ಹೋಗಿತ್ತು, ಕರೆದರೆ ಬಾಲದ ತುದಿಯೂ ಅಲುಗಲಿಲ್ಲ. ಪಕ್ಕದ ಮನೆಯ ತುಂಬು ಬಸುರಿ ಪ್ರಭಾ ಬಾಗಿಲಲ್ಲೇ ನಿಂತು ನೋಡಿದಳು. ‘ನಾಯಿಮರಿಗಳಿಗೆ ಅದೇನೋ ಹೊಸ ಕಾಯಿಲೆ ಬಂದಿದೆಯಂತೆ ಅಂಜನಮ್ಮೋರೆ. ವಾಂತಿಭೇದಿ ಆಗಿ ಹೋಗ್ಬಿಡ್ತವಂತೆ.’

ಅಂಜನಮ್ಮ ಮರಿಯನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಬೀದಿಗೆ ಓಡಿದಳು. ನಾಯಿಯನ್ನೆಲ್ಲ ಆಟೋಗೆ ಹತ್ತಿಸುವುದಿಲ್ಲ ಎಂದು ಅದೇ ಬೀದಿಯ ಆಟೋದವನು ರಾಗ ತೆಗೆದ. ‘ನಿನ್ ತಲೆ ಇವತ್ತು ಗುಂಡಗಿದ್ರೆ ಅದು ನನ್ ಕೈಯಿಂದ ಕಣೋ. ಬಾಯ್ಮುಚ್ಕೊಂಡು ನಡಿ,’ ಎಂದಳು. ಅವನು ನಡೆದ.

ದನದಾಸ್ಪತ್ರೆಯ ಡಾಕ್ಟರು ಮರಿಯನ್ನು ಎತ್ತಹೋದರೆ ಕೈಯಿಂದ ಜಾರಿತು.

‘ಇದೇನಮ್ಮ, ಬಜ್ಜಿ ಥರ ಎಣ್ಣೇಲಿ ಅದ್ದಿ ತಂದಿದೀರಾ?’

‘ತಂಪಾಗ್ಲಿ ಅಂತ ಸಾರ್. ಹರಳೆಣ್ಣೆ. ಮನೇಲೇ ಕಾಯಿಸಿದ್ದು.’ ಆ ಹೊತ್ತಿನಲ್ಲೂ ಅವಳ ದನಿಯಲ್ಲಿ ಜಂಬವಿತ್ತು.

‘ನಿಮಗೆ ಹೊಟ್ಟೆ ಕಟ್ಟಿದ್ರೆ ಏನ್ ಕುಡೀತೀರಿ?’

‘ಹರಳೆ…’ ಎಂದವಳು ಅಲ್ಲಿಗೇ ನಿಂತಳು.

‘ನಾಯಿ ಮೈ ನೆಕ್ಕತ್ತಮ್ಮ,’ ಎಂದರು ಡಾಕ್ಟರು, ‘ನೀವು ಹಚ್ಚಿದ್ದೆಲ್ಲಾ ಅದರ ಹೊಟ್ಟೆಗೇ ಹೋಗಿದೆ.’ ಸೋಪು ಹಾಕಿ ಎಣ್ಣೆ ತೊಳೆಸಿದರು, ಗ್ಲೂಕೋಸು ಏರಿಸಿದರು. ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು, ಅದು ಹೊಟ್ಟೆಯಲ್ಲಿ ನಿಂತರೆ ಬದುಕುತ್ತದೆ, ಬದುಕಿದರೆ ಬೇರೆ ಕಾಯಿಲೆ ಬರದಂತೆ ಇಂಜೆಕ್ಷನ್ ಹಾಕಿಸಲು ತನ್ನಿ ಎಂದರು.

ಮನೆಗೆ ಬಂದ ಮೇಲೆ ಅಂಜನಮ್ಮ ಅಡಿಗೆ ಮಾಡಲಿಲ್ಲ. ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಲ್ಲಿ ನೀರು ಬಿಡುತ್ತ, ‘ನನ್ ಕೈಯಾರೆ ಕೊಲ್ತಿದ್ನಲ್ರಿ,’ ಎಂದು ಅತ್ತಳು. ನಾನು ಆಗಲೇ ಹೇಳಲಿಲ್ಲವೇ ಎನ್ನಲು ಯಾವ ಗಂಡನಿಗೂ ಇದಕ್ಕಿಂತ ಒಳ್ಳೆ ಅವಕಾಶ ಸಿಗದು. ಚಿಕ್ಕಹನುಮಯ್ಯ ಎದ್ದು ಹೋಗಿ ಗಂಜಿ ಕಾಯಿಸಿದ.

ಕೊನೆಗೂ ಮಂತ್ರಿ ಎದ್ದು, ತೂರಾಡಿಕೊಂಡು ಹೋಗಿ, ಬಾಗಿಲ ರಂಗೋಲಿಯ ಮೇಲೆ ಉಚ್ಚೆ ಹೊಯ್ದಿತು. ಅಂಜನಮ್ಮ ಕೈ ಮುಗಿದಳು.

ಅಷ್ಟರಲ್ಲಿ ಪ್ರಭಾಳಿಗೆ ಹೆರಿಗೆಯಾಗಿ ಅವಳೂ ಮನೆಗೆ ಬಂದಿದ್ದಳು. ಮಗುವನ್ನು ನೋಡಲು ಅಂಜನಮ್ಮ ಹೋದಾಗ ಅಲ್ಲಿ ಬೀದಿಯ ಹೆಂಗಸರೆಲ್ಲ ಕೂತಿದ್ದರು.

‘ಅಂಥ ಕಾಯಿಲೆಯಿಂದ ಉಳಿಸ್ಕೊಂಡ್ರಂತಲ್ಲ,’ ಎಂದಳು ಪ್ರಭಾ. ‘ನಿಮ್ ಕೈಗುಣಾನೇ ಕೈಗುಣ ಅಂಜನಮ್ಮೋರೆ.’

ಎಲ್ಲರೂ ತಲೆಯಾಡಿಸಿದರು. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅಂಜನಮ್ಮ ಹೂಂ ಅನ್ನಲೆಂದೇ ಬಾಯಿ ತೆರೆದಳು. ತೊಡೆಯ ಮೇಲೆ ಆ ಮರಿ ತಣ್ಣಗೆ ಬಿದ್ದಿದ್ದದ್ದು ನೆನಪಾಯಿತು.

‘ಯಾವ್ ಕಾಯಿಲೆನೂ ಅಲ್ಲ ಕಣಮ್ಮ. ನನ್ ಎಣ್ಣೆ. ನೆಕ್ಕಿ ನೆಕ್ಕಿ ಸಾಯೋ ಹಾಗಾಗಿತ್ತು. ಇಷ್ಟು ವರ್ಷ ನಾನು ಮುಟ್ಟಿದ್ದೆಲ್ಲಾ ಸರಿ ಅನ್ಕೊಂಡಿದ್ದೆ.’

ಅಂಜನಮ್ಮ ಹೊರಡಲು ಎದ್ದಳು. ಪ್ರಭಾ ಮಗುವನ್ನು ನೋಡಿದಳು, ಅಂಜನಮ್ಮನನ್ನು ನೋಡಿದಳು.

‘ಇದು ಮೈ ನೆಕ್ಕಲ್ಲ ಬಿಡಿ. ನಾಳೆ ಬೆಳಿಗ್ಗೆ ಬನ್ನಿ,’ ಎಂದಳು. ಆಮೇಲೆ ಸ್ವಲ್ಪ ಅಳುಕುತ್ತ, ‘ಕೈ ಮಾತ್ರ ಬಾಯಿಗೆ ಹಾಕ್ಕೊಳತ್ತೆ. ಕೈಗೆ ಹಚ್ಬೇಡಿ,’ ಎಂದಳು.

ಇಲ್ಲಿ ಹಚ್ಚು, ಅಲ್ಲಿ ಹಚ್ಚಬೇಡ ಎಂದು ಅಂಜನಮ್ಮನಿಗೆ ಹೇಳಿದವರು ಆ ಬೀದಿಯಲ್ಲಿ ಅಲ್ಲಿಯವರೆಗೆ ಯಾರೂ ಇರಲಿಲ್ಲ.

‘ಆಗ್ಲಮ್ಮ,’ ಎಂದಳು.