ಎರೆಮಣ್ಣಿನ ಅವಸರ

ಶಿರಹಟ್ಟಿಗೆ ಬೇಗ ತಲುಪಬೇಕೆಂದು ಮುಂಡರಗಿ ದಾಟಿದ ಮೇಲೆ ಹೊಲಗಳ ನಡುವಿನ ಒಳದಾರಿ ಹಿಡಿದೆ. ಅದೇ ತಪ್ಪಾಯಿತು. ಮೊನ್ನೆಯ ಮಳೆಯ ನೀರು ತಗ್ಗಿನಲ್ಲಿ ಇನ್ನೂ ನಿಂತಿತ್ತು. ಬೈಕಿನ ಚಕ್ರಕ್ಕೆ ಎರೆಮಣ್ಣು ಮೆತ್ತಿಕೊಂಡು ಗಾಲಿ ತಿರುಗುವುದೇ ನಿಂತುಹೋಯಿತು. ಆಕ್ಸಿಲರೇಟರ್ ತಿರುವಿದಷ್ಟೂ ಮಣ್ಣು ಬಿಗಿಯಿತು. ಕಡ್ಡಿಯಿಂದ ಕೆರೆದೆ, ಕಡ್ಡಿ ಮುರಿಯಿತು.

ಪಕ್ಕದ ದಿಬ್ಬದ ಹೊಲದಲ್ಲಿ ಗಂಡ ಹೆಂಡತಿ ಎತ್ತು ಹೂಡಿ ಬಿಳಿಜೋಳ ಬಿತ್ತುತ್ತಿದ್ದರು. ಕೂರಿಗೆಯ ಹಿಂದೆ ಬೀಜ ಬಿಡುತ್ತಿದ್ದ ಆಕೆ ನಡಿಗೆ ನಿಲ್ಲಿಸದೆಯೇ ಕೂಗಿದಳು: "ಅದನ್ನ ಕೆರಿಬ್ಯಾಡ್ರೀ ಅಣ್ಣಾರ! ಗಾಡಿ ಎಳದು ಬಿಸಲಾಗ ನಿಲ್ಲಸ್ರಿ. ಒಣಗಿದ್ರ ತಾನ ಉದರತೈತಿ."

"ನನಗ ಅವಸರ ಐತ್ರೀ ಅಕ್ಕಾರ."

"ನಮಗೂ ಐತ್ರೀ!" ಆಕೆ ಪಡುವಣದ ಮೋಡ ತೋರಿಸಿದಳು. "ಇವತ್ತ ಹೊಲ ಹದ ಐತಿ. ಮತ್ತ ಮಳಿ ಹೊಡದ್ರ ಎಂಟ ದಿನ ಎತ್ತ ಕಾಲಿಡಾಂಗಿಲ್ಲ."

ಗಾಡಿಯನ್ನು ಬಿಸಿಲಿಗೆ ಎಳೆದು ನಿಲ್ಲಿಸಿ ನಾನು ಬದುವಿನ ಮೇಲೆ ಕುಳಿತೆ. ಒಂದೇ ಮಣ್ಣು ನನ್ನನ್ನು ಕೂರಿಸಿ ಅವರನ್ನು ಓಡಿಸುತ್ತಿತ್ತು. ಮೋಡ ಹತ್ತಿರವಾದಂತೆ ನಾನು ಚಕ್ರ ಮರೆತು ಉಳಿದ ಸಾಲುಗಳನ್ನು ಎಣಿಸತೊಡಗಿದೆ. ಐದು, ಮೂರು, ಒಂದು!

ಕಡೆಯ ಸಾಲು ಮುಗಿಸಿ ಬಂದ ಗಂಡ ಬಾರಕೋಲಿನ ಹಿಡಿಯಿಂದ ಚಕ್ರಕ್ಕೆ ಬಡಿದ. ಮಣ್ಣು ಖಡಕ್ ರೊಟ್ಟಿಯಂತೆ ಮುರಿದು ಉದುರಿತು. ನನ್ನ ಕೈ ಮೇಲೆ ಮೊದಲ ಹನಿ ಬಿತ್ತು.

ಆಕೆ ಬೀಜದ ಚೀಲವನ್ನು ತಲೆಕೆಳಗು ಮಾಡಿ ಕೊಡವಿದಳು. ಒಂದು ಕಾಳೂ ಬೀಳಲಿಲ್ಲ. ಅದನ್ನೇ ಮಳೆಗೆ ಮರೆಯಾಗುವ ಕೊಪ್ಪೆಯಾಗಿ ಮಡಚಿ, ಪಟ್ಟದ ರಾಣಿಯಂತೆ ತಲೆಗೇರಿಸಿಕೊಂಡು ಕೂಗಿದಳು:

"ಈಗ ಓಡಸ್ರಿ ಗಾಡಿ!"