ಬೇ ರಿಡ್ಜ್‌ನಲ್ಲಿ ಕೊನೆಯ ಹತ್ತು ನಿಮಿಷ

ನವೆಂಬರಿನ ಒಂದು ಭಾನುವಾರ, ಇನ್ನೂ ಬೆಳಕು ಹರಿಯುವ ಮೊದಲೇ ಪಾರ್ಸಿಪನಿಯ ನಮ್ಮ ಮನೆಯಿಂದ ಹೊರಟೆವು. ಹೋಗಬೇಕಾಗಿದ್ದದ್ದು ಬ್ರೂಕ್ಲಿನ್ನಿನ ಬೇ ರಿಡ್ಜ್‌ಗೆ, ಸುಮಾರು ನಲವತ್ತು ಮೈಲಿ ದೂರ. ಅಲ್ಲಿನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಕುಳಿತು ನಾರ್ವೆಯಲ್ಲಿ ನಡೆಯುವ ಫುಟ್‌ಬಾಲ್ ಆಟ ನೋಡುವುದಿತ್ತು. ಅವರ ಮಧ್ಯಾಹ್ನದ ಆಟ ನಮಗೆ ಬೆಳಗಿನ ಆಟ. ಡ್ರೈವ್ ಮಾಡುತ್ತಿದ್ದ ನಮ್ಮ ಯಜಮಾನರು ಮಾತ್ರ ಆಟ ನೋಡುವುದಿಲ್ಲವೆಂದು ಮೊದಲೇ ಹೇಳಿಬಿಟ್ಟಿದ್ದರು.

ನಮ್ಮ ಮಗಳು ನಿಧಿ ಗೋಲ್‌ಕೀಪರ್. ಇಲ್ಲೇ ಹುಟ್ಟಿ, ಇಲ್ಲಿನ ಕಾಲೇಜಿಗೆ ಆಡಿ, ಈ ವರ್ಷ ನಾರ್ವೆಯ ಉತ್ತರದ ಒಂದು ಸಣ್ಣ ಊರಿನ ತಂಡ ಸೇರಿದ್ದಳು. ಮಹಿಳೆಯರ ಎರಡನೇ ದರ್ಜೆಯ ಲೀಗ್. ಬೆಳಗ್ಗೆ ಶಿಶುವಿಹಾರದಲ್ಲಿ ಕೆಲಸ, ಸಂಜೆ ಕೃತಕ ಹುಲ್ಲಿನ ಮೇಲೆ ಅಭ್ಯಾಸ. ಏಪ್ರಿಲ್‌ನಲ್ಲಿ ಸೀಸನ್ ಶುರುವಾದಾಗ ಮೈದಾನದ ಅಂಚಿನಲ್ಲಿ ಹಿಮ ಗುಡ್ಡೆಗುಡ್ಡೆಯಾಗಿ ಬಿದ್ದಿತ್ತು. ಅವಳು ಆಡಿದ ಮೊದಲ ಆಟವನ್ನು ಇವರು ಲ್ಯಾಪ್‌ಟಾಪಿನ ಮುಂದೆ ಕದಲದೆ ಕುಳಿತು ನೋಡಿದರು. ತಂಡ ನಾಲ್ಕು ಗೋಲು ಬಿಟ್ಟುಕೊಟ್ಟಿತು. ಮೈಸೂರಿನಲ್ಲಿ ಕ್ರಿಕೆಟ್ ನೋಡುವಾಗ ಇವರು ಕುರ್ಚಿ ಬಿಟ್ಟೆದ್ದರೆ ನಮ್ಮವರ ವಿಕೆಟ್ ಬೀಳುತ್ತಿತ್ತಂತೆ. ಇಲ್ಲಿ ಇವರು ಕುಳಿತರೆ ಗೋಲು ಬೀಳುತ್ತದೆ ಎಂದು ತೀರ್ಮಾನವಾಯಿತು. ಅಂದಿನಿಂದ ಪ್ರತಿ ಆಟಕ್ಕೂ ಗರಾಜಿಗೆ ಹೋಗಿ ನಿಲ್ಲುತ್ತಿದ್ದರು. ಎಂಜಿನಿಯರ್ ಅನ್ನಿಸಿಕೊಂಡವರು ಹೀಗಾಡಬಹುದೇ ಎಂದು ಇಡೀ ಸೀಸನ್ ನಾನು ರೇಗಿಸಿದ್ದೇ ರೇಗಿಸಿದ್ದು.

ಇವತ್ತಿನದು ಕೊನೆಯ ಆಟ. ಗೆದ್ದರೆ ಅಥವಾ ಡ್ರಾ ಆದರೆ ತಂಡ ಇದೇ ದರ್ಜೆಯಲ್ಲಿ ಉಳಿಯುತ್ತದೆ, ನಿಧಿಗೆ ಇನ್ನೊಂದು ವರ್ಷದ ಒಪ್ಪಂದ ಸಿಗುತ್ತದೆ. ಸೋತರೆ ಕೆಳಗಿನ ದರ್ಜೆ. ಅಲ್ಲಿ ಹೊರದೇಶದ ಆಟಗಾರ್ತಿಯನ್ನು ಇಟ್ಟುಕೊಳ್ಳುವ ಶಕ್ತಿ ಅವರಿಗಿಲ್ಲ. ಅವಳು ಮನೆಗೆ ಬರುತ್ತಾಳೆ. ಬರಲಿ ಎಂಬುದೇ ನನ್ನ ಆಸೆಯಾಗಿತ್ತು. ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ, ಆದರೆ ಹಿಂದಿನ ವಾರವೇ ಅವಳ ಕೋಣೆಯ ಕಿಟಕಿಗೆ ಹೊಸ ಕರ್ಟನ್ ಹಾಕಿಸಿದ್ದೆ.

ಭಾನುವಾರವಾದ್ದರಿಂದ ಟ್ರಾಫಿಕ್ ಇರಲಿಲ್ಲ. ಒಂದು ಸೇತುವೆಯಿಂದ ಸ್ಟೇಟನ್ ಐಲೆಂಡ್ ಸೇರಿ, ಅದನ್ನು ದಾಟಿ ವೆರಾಜಾನೋ ಸೇತುವೆ ಏರುವಾಗ ಸೂರ್ಯ ಹುಟ್ಟುತ್ತಿದ್ದ. ಗಾಳಿಗೆ ಕಾರು ಅಲುಗಾಡಿತು. ಎರಡು ಸೇತುವೆಗೂ ಟೋಲ್ ಕಟ್ಟಿ ಮಗಳ ಆಟ ನೋಡದೆ ಬರುವ ಅಪ್ಪ ನೀವೊಬ್ಬರೇ ಇರಬೇಕು ಎಂದೆ. ಇವರು ಚಟ್ನಿ ಸ್ಯಾಂಡ್‌ವಿಚ್‌ನ ಇನ್ನೊಂದು ತುತ್ತು ಕಚ್ಚಿದರು.

ಬೇ ರಿಡ್ಜ್ ಸುತ್ತಮುತ್ತ ಒಂದು ಕಾಲಕ್ಕೆ ನಾರ್ವೆಯ ನಾವಿಕರ ಕುಟುಂಬಗಳೇ ತುಂಬಿದ್ದವಂತೆ. ಆಗ ಅವರದೇ ಆಗಿದ್ದ ಎಂಟನೇ ಅವೆನ್ಯೂ ಬೀದಿಯಲ್ಲಿ ಈಗ ಚೀನೀ ಅಂಗಡಿಗಳ ಸಾಲು. ಉಳಿದ ಕೆಲವರಲ್ಲಿ ಆಸ್ಟ್ರಿಡ್ ಒಬ್ಬರು, ನಾರ್ವೆಯಲ್ಲಿ ನಿಧಿ ಬಾಡಿಗೆಗಿರುವ ಮನೆಯ ಒಡತಿಯ ಅಕ್ಕ. ನಮ್ಮನ್ನು ಕರೆದಿದ್ದವರು ಅವರೇ. ನೆಲಮಾಳಿಗೆಯ ಬಾಗಿಲಲ್ಲೇ ಅಪ್ಪಿಕೊಂಡು, ದಪ್ಪ ದೋಸೆಯಂಥ ಬಿಸಿ ವಾಫಲ್ ಮೇಲೆ ಕಂದು ಬಣ್ಣದ ಚೀಸ್ ಹಾಕಿ ಕೈಗಿತ್ತರು. ಸ್ವಲ್ಪ ತಳ ಹಿಡಿದ ಪಾಲ್ಕೋವಾದ ರುಚಿ. ಇನ್ನೊಂದು ಕೇಳಿ ತಿಂದೆ. ಇವರು ಒಳಗೆ ಕಾಲಿಡದೆ ಸಮುದ್ರದ ದಂಡೆಗೆ ವಾಕಿಂಗ್ ಹೊರಟರು.

ದೊಡ್ಡ ಪರದೆಯ ಮುಂದೆ ಹತ್ತು ಹನ್ನೆರಡು ಮಂದಿ ಮುದುಕರು. ಅಲ್ಲಿ ಮಳೆ, ನಿಧಿ ಹಳದಿ ಅಂಗಿಯಲ್ಲಿ ಅಂಗೈಗಳನ್ನು ತಟ್ಟಿಕೊಳ್ಳುತ್ತಾ ನಿಂತಿದ್ದಳು. ಅರ್ಧ ಆಟದ ಹೊತ್ತಿಗೆ ನಮ್ಮವರದು ಒಂದು ಗೋಲು. ಆಮೇಲೆ ಎದುರಾಳಿಗಳು ನುಗ್ಗಿ ನುಗ್ಗಿ ಬಂದರು. ಅವಳು ನಿಂತ ಮಳೆನೀರಿನಲ್ಲಿ ಬಿದ್ದು, ಎದ್ದು, ಮುಂದಿದ್ದವರಿಗೆ ನಾರ್ವೇಜಿಯನ್‌ನಲ್ಲಿ ಕೂಗಿ ಹೇಳುತ್ತಿದ್ದಳು. ನನಗೆ ಒಂದಕ್ಷರವೂ ಗೊತ್ತಿಲ್ಲದ ಭಾಷೆಯಲ್ಲಿ ಅವಳು ಹೇಳಿದ್ದನ್ನು ತಂಡದವರೆಲ್ಲ ಕೇಳುತ್ತಿದ್ದರು. ಹೆಮ್ಮೆಯಾಯಿತು.

ಆಟ ಮುಗಿಯಲು ಇನ್ನು ಹತ್ತು ನಿಮಿಷವಿತ್ತು. ಮೆಟ್ಟಿಲ ಮೇಲೆ ಇವರ ಕಂದು ಬೂಟು ಇಳಿಯುವುದು ಕಂಡಿತು. ನಾನು ವಾಫಲ್ ತಟ್ಟೆ ಬಿಸಾಕಿದಂತೆ ಇಟ್ಟು ಓಡಿದೆ.

"ರೀ, ಅಲ್ಲೇ ನಿಲ್ಲಿ! ಒಳಗೆ ಬರಬೇಡಿ!"

"ಚಳಿ ಕಣೇ, ಕಿವಿ ಕಿತ್ತು ಬರ್ತಿದೆ. ಒಂದು ಕಾಫಿ ಕುಡಿದು ಹೋಗ್ತೀನಿ."

"ಬೇಡ ಅಂದ್ನಲ್ಲ! ಒಂದು ಗೋಲ್ ಲೀಡ್ ಇದೆ. ನಡೀರಿ ಮೇಲಕ್ಕೆ."

ತೋಳು ಹಿಡಿದು ಮೇಲಕ್ಕೆ ಹತ್ತಿಸಿ, ಬಾಗಿಲು ಎಳೆದುಕೊಂಡು ಅದಕ್ಕೆ ಬೆನ್ನು ಕೊಟ್ಟು ನಿಂತೆ. ನನ್ನ ಮೈಮೇಲೆ ಕೋಟು ಇರಲಿಲ್ಲ. ಇವರು ತಮ್ಮ ಮಫ್ಲರ್ ಬಿಚ್ಚಿ ನನ್ನ ಕುತ್ತಿಗೆಗೆ ಸುತ್ತಿದರು.

"ನೀನು ಇದನ್ನೆಲ್ಲ ನಂಬಲ್ಲ ಅಂತಿದ್ದೆ."

"ನಂಬಲ್ಲ."

"ಮತ್ತೆ? ಸೋತ್ರೆ ಮನೆಗೆ ಬರ್ತಾಳೆ ಅಂತ ಕರ್ಟನ್ ಹಾಕ್ಸಿದೋಳು ನೀನೇ ಅಲ್ವಾ?"

ಇವರಿಗೆ ಗೊತ್ತಿತ್ತು. ಅಳು ಬಂತು. ಅವಳು ಬರಬೇಕು ನಿಜ, ಆದರೆ ಸೋತು ಬರುವುದು ಬೇಡ. ಹಾಗೆಂದು ಇವರ ಭುಜಕ್ಕೆ ಮುಖ ಒತ್ತಿ ಹೇಳಿದೆ. ಆಗಲೇ ಒಳಗೆ ದೊಡ್ಡ ಕೂಗು ಎದ್ದಿತು. ಖುಷಿಯದೋ ದುಃಖದ್ದೋ ತಿಳಿಯಲಿಲ್ಲ, ಇಬ್ಬರಿಗೂ ಬಾಗಿಲು ತೆಗೆಯುವ ಧೈರ್ಯವಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಆಸ್ಟ್ರಿಡ್ ಎರಡು ಲೋಟ ಕಾಫಿ ಹಿಡಿದು ಬಂದರು.

"ಉಳಿದುಕೊಂಡೆವು. ಕೊನೆಯಲ್ಲಿ ನಿಮ್ಮ ಮಗಳು ತಡೆದ ಚೆಂಡನ್ನು ನೀವು ನೋಡಬೇಕಿತ್ತು," ಎಂದು ಇಂಗ್ಲಿಷಿನಲ್ಲಿ ಹೇಳಿ ಕಣ್ಣೊರೆಸಿಕೊಂಡರು.

ವಾಪಸಾಗುವಾಗ ಸೇತುವೆಯ ಮೇಲೆ ನಿಧಿಯ ಫೋನ್ ಬಂತು.

"ಅಮ್ಮಾ, ಡಿಡ್ ಯು ಸೀ ಇಟ್? ದ ಲಾಸ್ಟ್ ಸೇವ್?"

"ಇಲ್ಲ ಪುಟ್ಟಾ. ನಿಮ್ಮಪ್ಪ ಒಳಗೆ ಬರದೇ ಇರ್ಲಿ ಅಂತ ಹೊರಗೆ ಹಿಡ್ಕೊಂಡು ನಿಂತಿದ್ದೆ."

"ಯೂ ಟೂ, ಅಮ್ಮಾ?" ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಗಾಳಿಯ ಸದ್ದಿನಲ್ಲಿ ಗೊತ್ತಾಗಲಿಲ್ಲ.

ದಾರಿಯಲ್ಲಿ ನಮ್ಮವರ ಹೋಟೆಲುಗಳಿರುವ ಐಸೆಲಿನ್‌ನಲ್ಲಿ ಇಳಿದು ಬಿಸಿಬಿಸಿ ಇಡ್ಲಿ ಸಾಂಬಾರ್ ತಿಂದೆವು. ಮನೆಯ ದಾರಿಯಲ್ಲಿ ಒಂದು ಮಾಲ್‌ನ ಮುಂದೆ ಕಾರು ನಿಲ್ಲಿಸಲು ಹೇಳಿ, ಇವರಿಗೆ ಕಿವಿ ಮುಚ್ಚುವ ಟೋಪಿ ಇರುವ ದಪ್ಪ ಕೋಟು ಆರಿಸಿದೆ.

"ಇರೋದೇ ಸಾಕು, ಈಗ್ಯಾಕೆ ಇದು?" ಎಂದರು.

"ಹಾಕ್ಕೊಂಡು ನೋಡಿ," ಎಂದೆ. "ಮುಂದಿನ ಸೀಸನ್ ಮುಗಿಯೋದೂ ನವೆಂಬರ್‌ನಲ್ಲೇ."