ಹಾಲು ಬಿಡಿಸಲು ಸೊರಬಕ್ಕೆ

ನನ್ನ ಮೊದಲ ಮಗನಿಗೆ ಎರಡು ವರ್ಷ ದಾಟಿದ್ದರೂ ಎದೆಹಾಲು ಬಿಟ್ಟಿರಲಿಲ್ಲ. ಆಗ ನಯಾಪೈಸೆ ಬಂದ ಹೊಸದು. ಶಿಕಾರಿಪುರದಲ್ಲಿ ನಮ್ಮ ಮಾವನವರದು ಕಿರಾಣಿ ಅಂಗಡಿ; ಮುಂದೆ ಅಂಗಡಿ, ಹಿಂದೆ ಮನೆ. ಮಗ ಹಗಲೆಲ್ಲ ಅಂಗಡಿಯಲ್ಲೇ ಇರುತ್ತಿದ್ದ, ಮಾತು ಕಲಿತದ್ದೂ ಗಿರಾಕಿಗಳ ಬಾಯಿಂದಲೇ. ಹಸಿವಾದರೆ ಒಳಗೆ ಬಂದು ನನ್ನ ಸೆರಗು ಜಗ್ಗಿ, "ಲಗೂನ ಕೊಡವಾ, ಬಸ್ಸಿಗೆ ಹೊತ್ತಾತು" ಎನ್ನುತ್ತಿದ್ದ.

ನನಗಂತೂ ಬಿಡಿಸುವ ಅವಸರವಿರಲಿಲ್ಲ. ಅವನು ತೊಡೆಯ ಮೇಲಿದ್ದಷ್ಟು ಹೊತ್ತು ನನ್ನನ್ನು ಯಾರೂ ಬೀಸುವ ಕಲ್ಲಿಗೆ ಕರೆಯುತ್ತಿರಲಿಲ್ಲ. ಆ ತುಂಬಿದ ಮನೆಯಲ್ಲಿ ಸೊಸೆಯಾದವಳು ಗೋಡೆಗೆ ಒರಗಿ ಕೂರಲು ಬೇರೆ ದಾರಿಯೇ ಇರಲಿಲ್ಲ. ಅವನು ಕುಡಿದು ಮುಗಿಸಿ ಏಳಲು ನೋಡಿದರೆ ನಾನೇ ತಲೆ ಸವರಿ, "ಇನ್ನೊಂದೀಟು ಕುಡಿಯೋ" ಎನ್ನುತ್ತಿದ್ದೆ. ಆಸ್ಪತ್ರೆಯ ನರ್ಸಮ್ಮ ಅನ್ನ ಹೆಚ್ಚು ತಿನ್ನಿಸಿ ಎಂದು ಹೇಳಿ ಹೋಗಿದ್ದರು. ಬಳೆ ತೊಡಿಸಲು ಬರುತ್ತಿದ್ದ ಸಾಬರ ಹೆಂಗಸು, "ಗಂಡು ಹುಡುಗ, ಕುಡೀಲಿ ಬಿಡವ್ವ" ಎನ್ನುತ್ತಿದ್ದಳು. ಅತ್ತೆಗೆ ಮಾತ್ರ ಇನ್ನೊಂದು ಮೊಮ್ಮಗು ಬೇಕಾಗಿತ್ತು. ಇವನು ಬಿಡದೆ ಅದು ಬರುವುದಿಲ್ಲವೆಂದು ಅವರು ಗಟ್ಟಿಯಾಗಿ ನಂಬಿದ್ದರು.

ಒಂದು ದಿನ ನಾನು ರೊಟ್ಟಿ ಬಡಿಯುತ್ತಿದ್ದೆ, ಅವನು ಕರೆದಾಗ ಏಳಲಿಲ್ಲ. ನೆಟ್ಟಗೆ ಅಂಗಡಿಗೆ ಹೋದವನೇ ಬಳ್ಳಿಗಾವಿಯಿಂದ ಬಂದಿದ್ದ ರೈತನೊಬ್ಬನ ಮುಂದೆ ನಿಂತ.

"ನಮ್ಮವ್ವ ಹಾಲು ಕೊಡವಲ್ಲಳು. ನೀವರ ಹೇಳ್ರಿ."

ಆ ರೈತ ಬೆಲ್ಲದ ಪೊಟ್ಟಣ ಕೆಳಗಿಟ್ಟು ನಕ್ಕನಂತೆ. "ಸಾವ್ಕಾರ್ರ, ಮೊಮ್ಮಗ ಲಗ್ನಕ್ಕ ಮೊದಲರ ಬಿಡ್ತಾನೇನ್ರಿ?"

ಮಾವನವರು ಕೆಂಪಗಾಗಿ ಒಳಗೆ ಬಂದರು. "ಇವತ್ತಿಂದ ಬಂದ್," ಎಂದಷ್ಟೇ ಹೇಳಿ ಹೋದರು.

ಅತ್ತೆ ಆಗಲೇ ಬೇವಿನ ಸೊಪ್ಪು ಅರೆದು ನನಗೆ ಹಚ್ಚಿದರು. ಮಗ ಬಂದ, ಬಾಯಿ ಹಾಕಿದ, ಮುಖ ಕಿವುಚಿದ. ನಾವಿಬ್ಬರೂ ಉಸಿರು ಹಿಡಿದು ನೋಡುತ್ತಿದ್ದೆವು. ಯುಗಾದಿ ಕಳೆದು ಹೆಚ್ಚು ದಿನವಾಗಿರಲಿಲ್ಲ. ಅವನು ನಾಲಿಗೆ ಚಪ್ಪರಿಸಿ, ಅಜ್ಜಿಯ ಕಡೆ ಕೈ ಚಾಚಿ, "ಬೆಲ್ಲ?" ಎಂದ.

ಅತ್ತೆ ಸೋಲೊಪ್ಪುವವರಲ್ಲ. "ಕಣ್ಮುಂದ ತಾಯಿ ಇದ್ರ ಬಿಡಂಗಿಲ್ಲ. ನಿಮ್ಮವ್ವನ ಮನಿಗೆ ಕಳಿಸೂಣು" ಎಂದರು. ನನ್ನ ತವರು ಸೊರಬ. ಅಲ್ಲಿ ನನ್ನ ಕೊನೆಯ ತಮ್ಮನಿಗೆ ಆಗಷ್ಟೇ ವರ್ಷ ತುಂಬಿತ್ತು. ಮಗಳಿಗೆ ಮಗುವಾದ ಮೇಲೆ ತಾನೂ ಬಸುರಾದೆನೆಂದು ನಾಚಿ ನನ್ನ ಅವ್ವ ಬೀಗರ ಮನೆ ಕಡೆ ಸುಳಿಯುವುದನ್ನೇ ಬಿಟ್ಟಿದ್ದಳು. ಆ ಕೂಸು ಇದ್ದರೆ ಇವನಿಗೆ ಆಡಲು ಜೊತೆಯಾಯಿತೆಂದು ಎಲ್ಲರೂ ಒಪ್ಪಿದರು. ನಮ್ಮ ಯಜಮಾನರು ಅವನನ್ನು ಬಸ್ಸಿನಲ್ಲಿ ಕರೆದೊಯ್ದು ಬಿಟ್ಟುಬಂದರು.

ಇತ್ತ ನನ್ನ ಎದೆ ಕಲ್ಲಾಯಿತು. ಹಾಲು ಬತ್ತಲೆಂದು ಅತ್ತೆ ಮಲ್ಲಿಗೆ ಹೂವು ತರಿಸಿ ಕುಪ್ಪಸದೊಳಗೆ ಇಟ್ಟು ಬಿಗಿಯಾಗಿ ಬಟ್ಟೆ ಕಟ್ಟಿದರು. ಮನೆಯೆಲ್ಲ ಘಮಘಮ. ಊಟಕ್ಕೆ ಕುಳಿತ ಮಾವನವರು ಸುತ್ತ ಮೂಸಿ, "ಇವತ್ತೇನು ಪೂಜಿ?" ಎಂದು ಕೇಳಿದರು. ಅತ್ತೆ, "ಏನೋ ಐತಿ, ಉಣ್ರಿ" ಎಂದರು. ನನಗೆ ನಗುವೂ ಬರುತ್ತಿತ್ತು, ನಕ್ಕರೆ ನೋಯುತ್ತಿತ್ತು.

ಕೆಲವು ವಾರಗಳ ನಂತರ ನಾನು, ಅತ್ತೆ, ಯಜಮಾನರು ಮೂವರೂ ಅವನನ್ನು ಕರೆತರಲು ಸೊರಬಕ್ಕೆ ಹೋದೆವು. ನಡುಮನೆಗೆ ಕಾಲಿಟ್ಟರೆ, ಅವ್ವ ಗೋಡೆಗೆ ಒರಗಿ ಕೂತಿದ್ದಾಳೆ. ಒಂದು ತೊಡೆಯ ಮೇಲೆ ನನ್ನ ತಮ್ಮ, ಇನ್ನೊಂದರ ಮೇಲೆ ನನ್ನ ಮಗ. ಇಬ್ಬರೂ ಕುಡಿಯುತ್ತಿದ್ದಾರೆ. ಮಗನ ಕಾಲು ಉದ್ದವಾಗಿ ನೆಲದ ಮೇಲೆ ಚಾಚಿದೆ. ತಮ್ಮ ಕುಡಿಯುತ್ತಲೇ ಒಂದು ಕೈಯಿಂದ ಅವನ ಹಣೆಯನ್ನು ಆಚೆ ತಳ್ಳುತ್ತಿದ್ದಾನೆ. ಯಜಮಾನರು ಹಾಗೆಯೇ ತಿರುಗಿ ಕೊಟ್ಟಿಗೆ ನೋಡಲು ಹೊರಟುಹೋದರು.

"ಏನ್ರೀ ಬೀಗತೇರ! ಬಿಡಸಾಕ ಕಳಿಸಿದ್ರ ಹಿಂಗ ಮಾಡೀರಲ್ರಿ!" ಎಂದರು ಅತ್ತೆ.

ಅವ್ವನಿಗೆ ಏಳಲೂ ಆಗದು, ಸೆರಗು ಎಳೆದುಕೊಳ್ಳಲೂ ಆಗದು. "ಎಂತ ಮಾಡದ್ರೀ? ಸಣ್ಣವನಿಗೆ ಕೊಡುವಾಗ ನಿಮ್ಮ ಮೊಮ್ಮಗ ಎದುರಿಗೆ ಬಂದು ನಿಂತ್ಕತಿದ್ದ. ಬಸ್ಸಿಗೆ ಹೊತ್ತಾತು, ಬಸ್ಸಿಗೆ ಹೊತ್ತಾತು ಅಂತಾನೆ. ಪಾಪ ಅನ್ನಿಸ್ತು, ಒಂದು ಗುಟುಕು ಕೊಟ್ಟೆ. ಆಮೇಲೆ ಇವನೇ ಮೊದಲು ಬಂದು ಕೂರಕ್ಕೆ ಹಿಡ್ದ."

ನಾನು ಹತ್ತಿರ ಹೋಗಿ ಮಗನನ್ನು ಕರೆದೆ. ಅವನು ಬಾಯಿ ಬಿಡಿಸಿಕೊಂಡು ನನ್ನನ್ನು ನೋಡಿ, "ಆಮ್ಯಾಲೆ ಬಾರವಾ" ಎಂದು ಮತ್ತೆ ಕುಡಿಯತೊಡಗಿದ.

ಅತ್ತೆ ಬೈಯುತ್ತಾರೆಂದು ನಾನು ನಡುಗುತ್ತಿದ್ದೆ. ಅವರು ದೊಪ್ಪನೆ ಕೂತು ಸೆರಗಿನಲ್ಲಿ ಬಾಯಿ ಮುಚ್ಚಿ, ಮೈ ಕುಲುಕುವಂತೆ ನಕ್ಕರು. ಕಣ್ಣೊರೆಸಿಕೊಂಡು, "ಏನ್ ಹೇಳ್ಲಿ, ಬೀಗತೇರ. ನಿಮ್ಮ ಅಳಿಯಾನೂ ಸಾಲಿಯಿಂದ ಪಾಟಿ ಹಿಡ್ಕೊಂಡು ನೆಟ್ಟಗ ನನ್ನ ತೊಡಿಗೇ ಬರ್ತಿದ್ದ" ಎಂದರು. ಅವ್ವನೂ ನಗತೊಡಗಿದಳು. ಕೊಟ್ಟಿಗೆಯಲ್ಲಿ ಯಜಮಾನರು ಎಮ್ಮೆಯ ಜೊತೆ ಜೋರಾಗಿ ಮಾತಾಡುವುದು ಕೇಳಿಸಿತು.

ಕೊನೆಗೆ ಬಿಡಿಸಿದವನು ನನ್ನ ತಮ್ಮ. ಊಟವಾದ ಮೇಲೆ ತಮ್ಮ ಅವ್ವನ ತೊಡೆಯ ಮೇಲಿದ್ದಾಗಲೇ ಮಗ ಮತ್ತೆ ಅಲ್ಲಿಗೆ ಏರಲು ಹೋದ. ತಮ್ಮನಿಗೆ ಮೇಲೆ ಕೆಳಗೆ ಹೊಸ ಹಲ್ಲು ಬಂದಿದ್ದವು. ಅವನು ಅಳಲಿಲ್ಲ, ತಳ್ಳಲಿಲ್ಲ. ಮುಂದಕ್ಕೆ ಬಾಗಿ ನನ್ನ ಮಗನ ಕಿವಿ ಕಚ್ಚಿ ಹಿಡಿದ. "ಮಾಮಾ ಕಚ್ಚಿದಾ! ಮಾಮಾ ಕಚ್ಚಿದಾ!" ಎಂದು ಮಗ ಬೀದಿಗೆ ಕೇಳುವಂತೆ ಕೂಗಿಕೊಂಡ. ಇನ್ನೂ ನೆಟ್ಟಗೆ ನಡೆಯಲು ಬಾರದ ಆ ಮಾಮನನ್ನು ಅವ್ವ ಎತ್ತಿಕೊಂಡು ಒಳಗೆ ಹೋದಳು. ಮಗ ಮತ್ತೆ ಅತ್ತ ಹೋಗಲೇ ಇಲ್ಲ.

ಹೊರಡುವಾಗ ಅವ್ವ ನನ್ನನ್ನು ಪಕ್ಕಕ್ಕೆ ಕರೆದು, "ಬೇಜಾರು ಮಾಡ್ಕಳಡ ಮಾರಾಯ್ತಿ" ಎಂದಳು. "ಇವನನ್ನು ಯಾವಾಗ ಬಿಡಿಸ್ತೀಯೇ?" ಎಂದು ತಮ್ಮನನ್ನು ತೋರಿಸಿ ಕೇಳಿದೆ. "ಇವನ ಹಿಂದೆ ಇನ್ಯಾರು ಬರ್ತಾರೆ? ಕುಡೀಲಿ" ಎಂದು ಅವನನ್ನು ಇನ್ನಷ್ಟು ಒತ್ತಿ ಹಿಡಿದಳು.

ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಯಜಮಾನರು ಹೋಟೆಲಿನಿಂದ ಒಂದು ಲೋಟ ಬಿಸಿ ಹಾಲು ತಂದರು. ನನ್ನ ಎದೆಯಲ್ಲಿ ಆಗಲೇ ಏನೂ ಉಳಿದಿರಲಿಲ್ಲ. ಆದರೂ ಮಗ ಒಂದು ಸಲ ನನ್ನ ಕಡೆ ತಿರುಗಲಿ ಎಂದು ಕಾದೆ. ಅವನು ಎರಡೂ ಕೈಯಿಂದ ಲೋಟ ಹಿಡಿದು ಗಟಗಟ ಕುಡಿದು, ಬಿಳಿ ಮೀಸೆಯ ಮುಖವನ್ನು ಅಜ್ಜಿಯ ಸೆರಗಿಗೆ ಒರೆಸಿ, ಕಂಡಕ್ಟರನನ್ನು ನೋಡುತ್ತ ಕೂತ.